ಉದ್ದ ಪದಕ್ಕೆ ಹೆದರಬೇಡ ಮಗು

ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಇಂಗ್ಲಿಷ್ ಬಲಿಪೂಜೆಯಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ವಾಚನ. ಏಳನೆಯ ತರಗತಿಯ ಹುಡುಗಿಯೊಬ್ಬಳು 'ರೆಕನ್ಸಿಲಿಯೇಷನ್' ಎಂಬ ಪದದ ಬಳಿ ತಡವರಿಸಿ ನಿಂತಳು. ಸಭೆಯಲ್ಲಿ ನಗು ಕೇಳಿಸಿತು. ಬಲಿಪೀಠದ ಬಳಿಯಿದ್ದ ನಮ್ಮ ಮುಖದಲ್ಲೂ ನಗೆ ಮೂಡಿತು. ಆ ಮೇಲೆ ಅವಳು ವಾಚನಕ್ಕೆ ಬರಲಿಲ್ಲ.

ತಪ್ಪು ಮಗುವಿನದಲ್ಲ. ಕನ್ನಡದಲ್ಲಿ ಬರೆದ ಅಕ್ಷರವೇ ಉಚ್ಚಾರಕ್ಕೆ ದಾರಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಪದವನ್ನು ನಾವೇ ಬಿಡಿಸಿಕೊಳ್ಳಬೇಕು. ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಕಿವಿಯ ದಾರಿ. ಒಂದೊಂದು ತುಂಡಿಗೆ ಒಂದೇ ಸ್ವರಧ್ವನಿ. ಮಕ್ಕಳು ಚಪ್ಪಾಳೆ ತಟ್ಟಿ ಎಣಿಸಲಿ: ರೆ-ಕನ್-ಸಿ-ಲಿ-ಏ-ಷನ್, ಆರು ತುಂಡುಗಳು. 'ಷನ್' ಎಂದು ಮುಗಿಯುವ ಪದಗಳಲ್ಲಿ ಸಾಮಾನ್ಯವಾಗಿ ಅದರ ಹಿಂದಿನ ತುಂಡನ್ನು ಒತ್ತಿ ಹೇಳಬೇಕು.

ಎರಡನೆಯದು ಅರ್ಥದ ದಾರಿ. 'ದೇವಾಲಯ'ವನ್ನು ದೇವ, ಆಲಯ ಎಂದು ಬಿಡಿಸುತ್ತೇವಲ್ಲವೇ? ಹಾಗೆಯೇ ಇಲ್ಲಿ 'ರೆ' ಎಂದರೆ ಮತ್ತೆ. ನಡುವಿನ ಭಾಗ ಒಂದುಗೂಡಿಸು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಕೊನೆಯ 'ಏಷನ್' ಕ್ರಿಯೆಯನ್ನು ಹೆಸರಾಗಿಸುತ್ತದೆ. ಅಂದರೆ, ಮತ್ತೆ ಒಂದುಗೂಡಿಸುವುದು. 'ಇನ್‌ಕಾರ್ನೇಷನ್' ಪದದೊಳಗೂ ಮಾಂಸ ಎಂಬ ಅರ್ಥದ ಲ್ಯಾಟಿನ್ ಮೂಲವಿದೆ. ವಾರ್ತೆಯು ಮನುಷ್ಯನಾದ ರಹಸ್ಯವನ್ನು ಆ ಪದವೇ ಹೇಳುತ್ತದೆ.

ಆದರೆ ಎರಡು ಎಚ್ಚರಿಕೆಗಳು. ಎರಡು ದಾರಿಗಳೂ ಪದವನ್ನು ಒಂದೇ ಕಡೆ ಬಿಡಿಸುವುದಿಲ್ಲ. 'ಹೆಲಿಕಾಪ್ಟರ್' ಕಿವಿಗೆ ಹೆ-ಲಿ-ಕಾಪ್-ಟರ್; ಗ್ರೀಕ್ ಮೂಲದ ಪ್ರಕಾರ ಸುರುಳಿ ಎಂಬರ್ಥದ 'ಹೆಲಿಕೊ', ರೆಕ್ಕೆ ಎಂಬರ್ಥದ 'ಪ್ಟೆರ್'. ಎರಡನೆಯದಾಗಿ, ಕಂಡ ತುಂಡೆಲ್ಲ ಅರ್ಥದ ತುಂಡಲ್ಲ: 'ರೀಡಿಂಗ್'ನ ಮೊದಲ ಭಾಗಕ್ಕೆ 'ಮತ್ತೆ' ಎಂಬರ್ಥವಿಲ್ಲ. ಅನುಮಾನ ಬಂದರೆ ನಿಘಂಟನ್ನು ನೋಡಬೇಕು.

ಒಂದು ಸಂಜೆ ನಾವು ಆ ಹುಡುಗಿಯ ಮನೆಗೆ ಹೋದೆವು. ಮೊದಲು ಕ್ಷಮೆ ಕೇಳಿದೆವು. ಬಳಿಕ ಒಟ್ಟಿಗೆ ಆರು ಚಪ್ಪಾಳೆ ತಟ್ಟಿದೆವು. ಪದದ ಅರ್ಥ ತಿಳಿದಾಗ ಅವಳು, "ಹಾಗಾದರೆ ಫಾದರ್, ನೀವು ಈಗ ಮಾಡಿದ್ದೂ ಅದೇ ಅಲ್ಲವೇ?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ.

ಪ್ರಿಯ ಹೆತ್ತವರೇ, ಮಗು ಪದದ ಬಳಿ ನಿಂತರೆ ನಗಬೇಡಿ, ಗದರಬೇಡಿ. ಪಕ್ಕದಲ್ಲಿ ಕುಳಿತು ಆ ಪದವನ್ನು ಬಿಡಿಸಿಕೊಡಿ.