ನಾಣ್ಯದ ಮೃಗಕ್ಕೆ ಯಾವ ಹೆಸರು?

ನಾಣ್ಯಗಳ ಕ್ಯಾಟಲಾಗ್ ಬರೆಯುವವರು ಲಿಪಿ ಬಲ್ಲವರು, ರಾಜವಂಶಗಳ ಲೆಕ್ಕ ಬಲ್ಲವರು. ಗಿಡ, ಪ್ರಾಣಿಗಳ ವಿಷಯಕ್ಕೆ ಬಂದಾಗ ಅವರಲ್ಲೂ ಅನೇಕರು ಕಣ್ಣಂದಾಜಿನಲ್ಲೇ ಹೆಸರಿಡುತ್ತಾರೆ. ಒಬ್ಬರು ಬರೆದ ಹೆಸರು ಮುಂದಿನ ಪಟ್ಟಿಗೂ ಹರಾಜಿನ ಚೀಟಿಗೂ ಹಾಗೆಯೇ ಇಳಿಯುತ್ತದೆ. ಅದನ್ನು ಒರೆಗೆ ಹಚ್ಚಲು ಮೂರು ಸಾಕ್ಷಿಗಳಿವೆ.

ಅಂಗಲಕ್ಷಣ

ಕೆನಡಾದ 25 ಸೆಂಟ್ ನಾಣ್ಯದಲ್ಲಿ 1937ರಿಂದ ಇರುವುದು ಕ್ಯಾರಿಬೂ. ಇದನ್ನು ಮೂಸ್ ಎಂದು ಕರೆಯುವವರು ಇಂದಿಗೂ ಇದ್ದಾರೆ. ಮೂಸ್‌ನ ಕೊಂಬು ಹಲಗೆಯಂತೆ ಅಗಲ, ಗಂಟಲ ಕೆಳಗೆ ಜೋಲುವ ತೊಗಲು. ಎಮಾನುಯೆಲ್ ಹಾನ್ ಕೆತ್ತಿದ ತಲೆಯಲ್ಲಿ ಕೊಂಬು ನೀಳವಾಗಿ ಬಾಗಿ ಮೇಲೇರುತ್ತದೆ.

ದಕ್ಷಿಣ ಇಟಲಿಯ ಗ್ರೀಕ್ ನಗರ ಮೆಟಪಾಂಟಮ್ ಕ್ರಿ.ಪೂ. 6ನೇ ಶತಮಾನದಿಂದಲೇ ತನ್ನ ಬೆಳ್ಳಿ ನಾಣ್ಯದ ಮೇಲೆ ಜವೆಗೋಧಿಯ, ಅಂದರೆ ಬಾರ್ಲಿಯ, ತೆನೆ ಒತ್ತಿತು. ಎಷ್ಟೋ ವಿವರಣೆಗಳಲ್ಲಿ ಅದು ಗೋಧಿಯಾಗಿದೆ. ಉದ್ದನೆಯ ಮೀಸೆ ನೋಡಿದರೆ ಸಾಲದು, ಮೀಸೆಯಿರುವ ಗೋಧಿ ತಳಿಗಳೂ ಉಂಟು. ಕಾಳಿನ ಸಾಲುಗಳ ಜೋಡಣೆಯನ್ನೂ ಗಮನಿಸಬೇಕು. ಆ ನಾಡಿನ ಸಂಪತ್ತು ಯಾವ ಬೆಳೆಯಿಂದ ಬಂತು ಎಂಬ ಪ್ರಶ್ನೆಗೆ ನಾಣ್ಯವೂ ಒಂದು ಆಧಾರ. ಹಾಗಾಗಿ ಇಲ್ಲಿ ಹೆಸರು ತಪ್ಪಿದರೆ ಇತಿಹಾಸವೂ ತಪ್ಪುತ್ತದೆ.

ಬರಹ

ಗುಪ್ತರ ಚಿನ್ನದ ನಾಣ್ಯಗಳಲ್ಲಿ ರಾಜ ಬೇಟೆಯಾಡುವ ಚಿತ್ರಗಳಿವೆ. ಸವೆದ ನಾಣ್ಯದಲ್ಲಿ ಹುಲಿ, ಸಿಂಹ ಒಂದೇ ರೀತಿ ಕಾಣಬಹುದು. ಆದರೆ ಸಮುದ್ರಗುಪ್ತನ ನಾಣ್ಯದಲ್ಲಿ 'ವ್ಯಾಘ್ರಪರಾಕ್ರಮಃ' ಎಂದಿದೆ, ಇಮ್ಮಡಿ ಚಂದ್ರಗುಪ್ತನದರಲ್ಲಿ 'ಸಿಂಹವಿಕ್ರಮಃ' ಎಂದಿದೆ. ಅಕ್ಷರ ಉಳಿದಿದ್ದರೆ ವಾದವೇ ಬೇಡ.

ದೇವರು

ರೋಮ್‌ನ ಗ್ಯಾಲಿಯೀನಸ್ (ಆಳ್ವಿಕೆ 253–268) ತನ್ನ ಕೊನೆಯ ವರ್ಷಗಳಲ್ಲಿ ದೇವತೆಗಳ ರಕ್ಷಣೆ ಕೋರಿ ಒಂದು ಮೃಗಮಾಲಿಕೆಯನ್ನೇ ಹೊರಡಿಸಿದ. ಬರಹದಲ್ಲಿ ದೇವರ ಹೆಸರಿದೆ, ಪ್ರಾಣಿಯ ಹೆಸರಿಲ್ಲ. ಬೇಟೆಯ ದೇವತೆ ಡಯಾನಾಳ ನಾಣ್ಯವೆಂದರೆ ಹುಡುಕಾಟ ಗಂಡುಜಿಂಕೆ, ಹೆಣ್ಣುಜಿಂಕೆ, ಹುಲ್ಲೆಗಳಿಗೆ ಕುಗ್ಗುತ್ತದೆ. ಮುಂದಿನದನ್ನು ಕೊಂಬು ಹೇಳಬೇಕು. ದ್ರಾಕ್ಷಾರಸದ ದೇವರು ಲಿಬರ್‌ನ ನಾಣ್ಯದ ಪ್ರಾಣಿ ಕೆಲವರಿಗೆ ಚಿರತೆ, ಕೆಲವರಿಗೆ ಹೆಣ್ಣುಹುಲಿ. ರೋಮನ್ ಕಲೆಯಲ್ಲಿ ಈ ದೇವರ ಜೊತೆ ಎರಡೂ ಬರುವುದರಿಂದ ದೇವರ ಸಾಕ್ಷಿ ಇಲ್ಲಿ ಅರ್ಧದಾರಿಗೇ ನಿಲ್ಲುತ್ತದೆ.

ಕೆತ್ತಿದವನೇ ತಪ್ಪಿದಾಗ

1937ರಲ್ಲಿ ಬಂದ ಕೆನಡಾದ 1 ಸೆಂಟ್ ವಿನ್ಯಾಸದಲ್ಲಿ ಮೇಪಲ್ ರೆಂಬೆಯಿದೆ. ಮೇಪಲ್‌ನ ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಹುಟ್ಟುತ್ತವೆ. ವಿನ್ಯಾಸಕಾರ ಕ್ರೂಗರ್ ಗ್ರೇ ಅವುಗಳನ್ನು ಒಂದರ ನಂತರ ಒಂದು, ಪರ್ಯಾಯವಾಗಿ ಕೂರಿಸಿದ. ಕೆನಡಾ ಆ ನಾಣ್ಯದ ಟಂಕನ ನಿಲ್ಲಿಸಿದ 2012ರಲ್ಲೂ ಎಲೆಗಳು ಹಾಗೆಯೇ ಇದ್ದವು. ಸಸ್ಯಶಾಸ್ತ್ರ ಒಪ್ಪದಿದ್ದರೂ ಇದನ್ನು ಬೇರೆ ಮರವೆಂದು ದಾಖಲಿಸುವುದು ಸರಿಯಲ್ಲ, ಏಕೆಂದರೆ ಉದ್ದೇಶ ಮೇಪಲ್ ಎಂಬುದು ಖಚಿತ.

ಒಳ್ಳೆಯ ವಿವರಣೆಯಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆಯಾಗಿ ನಿಲ್ಲುತ್ತದೆ. 'ಬೆಕ್ಕಿನ ಕುಲದ ಪ್ರಾಣಿ, ಎಡಕ್ಕೆ ನಡೆಯುತ್ತಿದೆ. ಬಹುಶಃ ಚಿರತೆ' ಎಂದು ಬರೆದರೆ ಮುಂದೆ ಇನ್ನೂ ಚೆನ್ನಾಗಿ ಉಳಿದ ನಾಣ್ಯ ಸಿಕ್ಕಾಗ ಊಹೆಯನ್ನಷ್ಟೇ ತಿದ್ದಿದರೆ ಸಾಕು.