ಕವುಚಿ ಮಲಗುವ ಕಂದ

ನಡುರಾತ್ರಿಯ ಹೊತ್ತು. ಹಾಲು ಕುಡಿಸಿಯಾಯಿತು, ತೇಗು ಬರಿಸಿಯಾಯಿತು, ತೊಟ್ಟಿಲನ್ನು ತೂಗಿ ತೂಗಿ ತಂದೆಯ ಕೈಯೂ ಸೋತಿತು. ಅಂಗಾತ ಮಲಗಿಸಿದೊಡನೆ ಕೈಕಾಲು ಬಡಿದು ಬೆಚ್ಚಿ ಅಳುವ ಎರಡು ತಿಂಗಳ ಕೂಸು, ಎತ್ತಿ ಎದೆಗೊರಗಿಸಿಕೊಂಡರೆ ಮರುಗಳಿಗೆಯಲ್ಲಿಯೇ ಕಣ್ಣು ಮುಚ್ಚುತ್ತದೆ. ಕೊನೆಗೆ ತಾಯಿಗೊಂದು ಉಪಾಯ ಹೊಳೆಯುತ್ತದೆ. ಮಗುವನ್ನು ಹಾಸಿಗೆಯ ಮೇಲೆ ಕವುಚಿ ಮಲಗಿಸಿ ಮೆಲ್ಲನೆ ಬೆನ್ನು ತಟ್ಟುತ್ತಾಳೆ. ಮಗು ಮೂರು ಗಂಟೆಗಳ ಕಾಲ ಮಿಸುಕದೆ ನಿದ್ರಿಸುತ್ತದೆ. ಮನೆಮಂದಿಗೆಲ್ಲ ನೆಮ್ಮದಿ.

ಈ ನೆಮ್ಮದಿಯೊಳಗೇ ಒಂದು ಅಪಾಯ ಅಡಗಿದೆಯೆಂಬುದನ್ನು ವೈದ್ಯಲೋಕವು ಒಪ್ಪಿಕೊಂಡದ್ದು ಬಹಳ ತಡವಾಗಿ. ಅಷ್ಟರಲ್ಲಿ ಪಶ್ಚಿಮದ ದೇಶಗಳಲ್ಲಿ ಸಾವಿರಾರು ತೊಟ್ಟಿಲುಗಳು ಬರಿದಾಗಿದ್ದವು.

ಆರೋಗ್ಯವಾಗಿದ್ದ ಶಿಶುವೊಂದು ರಾತ್ರಿ ಮಲಗಿದ್ದು ಬೆಳಿಗ್ಗೆ ಏಳದಿರುವುದು, ಕಾರಣವೇನೆಂದು ಎಷ್ಟು ಹುಡುಕಿದರೂ ಸಿಕ್ಕದಿರುವುದು — ಇದಕ್ಕೆ ಇಂಗ್ಲೆಂಡಿನ ಜನ ‘ತೊಟ್ಟಿಲ ಸಾವು’ ಎಂದು ಹೆಸರಿಟ್ಟಿದ್ದರು. 1969ರಲ್ಲಿ ವೈದ್ಯರು ಇದನ್ನು ‘ಶಿಶುವಿನ ಹಠಾತ್ ಮರಣ’ ಎಂಬ ಪ್ರತ್ಯೇಕ ಪ್ರಕರಣವಾಗಿ ಗುರುತಿಸಿದರು. ಹುಟ್ಟಿದ ಎರಡನೆಯ ತಿಂಗಳಿಂದ ನಾಲ್ಕನೆಯ ತಿಂಗಳವರೆಗೆ ಈ ಭಯ ಅತ್ಯಧಿಕ. ಆರು ತಿಂಗಳು ಕಳೆದ ಮೇಲೆ ಬಹುಮಟ್ಟಿಗೆ ತಗ್ಗುತ್ತದೆ. ವರ್ಷ ತುಂಬುವವರೆಗೂ ಪೂರ್ತಿ ಅಳಿಯುವುದಿಲ್ಲ.

ಮಗುವನ್ನು ಕವುಚಿ ಮಲಗಿಸಬೇಕೆಂದು ತಾಯಂದಿರಿಗೆ ಹೇಳಿಕೊಟ್ಟವರು ಯಾರು? ವೈದ್ಯರೇ! ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ 1946ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಗ್ರಂಥ ಲಕ್ಷಾಂತರ ಮನೆಗಳಲ್ಲಿ ವೇದವಾಕ್ಯವಾಗಿತ್ತು. 1950ರ ದಶಕದಲ್ಲಿ ಹೊರಬಂದ ಆವೃತ್ತಿಗಳಲ್ಲಿ ಅವರು ಕವುಚಿ ಮಲಗಿಸುವುದೇ ಲೇಸೆಂದು ಬರೆದರು. ಅಂಗಾತ ಮಲಗಿದ ಮಗು ಹಾಲು ಕಕ್ಕಿದರೆ ಅದು ಉಸಿರಿಗೆ ಸಿಕ್ಕೀತು ಎಂಬುದು ಒಂದು ಕಾರಣ. ತಲೆಯ ಹಿಂಭಾಗ ಚಪ್ಪಟೆಯಾದೀತು ಎಂಬುದು ಇನ್ನೊಂದು. ಇದರ ಜೊತೆಗೆ, ದಿನ ತುಂಬದೆ ಹುಟ್ಟಿದ ಶಿಶುಗಳು ಕವುಚಿ ಮಲಗಿದಾಗ ಸಲೀಸಾಗಿ ಉಸಿರಾಡುವುದನ್ನು ಆಸ್ಪತ್ರೆಗಳು ಕಂಡುಕೊಂಡಿದ್ದವು. ಅಲ್ಲಿ ಹಗಲಿರುಳೂ ದಾದಿಯರ ಕಣ್ಣು ಮಗುವಿನ ಮೇಲಿರುತ್ತದೆ, ಯಂತ್ರಗಳ ಕಾವಲಿರುತ್ತದೆ. ಮನೆಯಲ್ಲಿ ಅವೆರಡೂ ಇಲ್ಲ. ಈ ಅಂತರವನ್ನು ಗಮನಿಸದೆ ಆಸ್ಪತ್ರೆಯ ಪದ್ಧತಿ ಮನೆಯ ತೊಟ್ಟಿಲಿಗೂ ಬಂದುಬಿಟ್ಟಿತು.

ಸಂಶಯಪಟ್ಟವರು ಇಲ್ಲದಿರಲಿಲ್ಲ. ಆಸ್ಟ್ರೇಲಿಯದ ಅಡಿಲೇಡ್ ನಗರದ ವೈದ್ಯೆ ಸೂಸನ್ ಬೀಲ್ 1970ರ ದಶಕದಿಂದ ಮೊದಲುಗೊಂಡು, ಕೂಸನ್ನು ಕಳೆದುಕೊಂಡ ಮನೆಗಳಿಗೆ ತಾವೇ ಹೋಗಿ, ದುಃಖತಪ್ತರಾದ ತಂದೆತಾಯಿಗಳ ಬಳಿ ಕುಳಿತು, ಮಗು ಹೇಗೆ ಮಲಗಿತ್ತು, ಹೇಗೆ ಸಿಕ್ಕಿತು ಎಂದು ಕೇಳಿ ಬರೆದುಕೊಂಡರು. ಮನೆಯಿಂದ ಮನೆಗೆ ಅದೇ ಉತ್ತರ ಮರುಕಳಿಸುತ್ತಿತ್ತು. 1985ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರೊಬ್ಬರು, ತಮ್ಮ ಊರಿನಲ್ಲಿ ತೊಟ್ಟಿಲ ಸಾವು ಅಪರೂಪವೆಂದೂ ಅಲ್ಲಿಯ ತಾಯಂದಿರು ಮಕ್ಕಳನ್ನು ಅಂಗಾತ ಮಲಗಿಸುವುದು ವಾಡಿಕೆಯೆಂದೂ ಬರೆದರು. 1987ರಲ್ಲಿ ನೆದರ್ಲೆಂಡ್ಸಿನ ವೈದ್ಯ ಡಿ ಯಾಂಗ್, ಕವುಚಿ ಮಲಗಿಸಬೇಡಿರೆಂದು ತಮ್ಮ ದೇಶದ ಜನರಿಗೆ ಬಹಿರಂಗವಾಗಿ ಸಾರಿದರು. ಅದೇ ವರ್ಷ ನ್ಯೂಜಿಲೆಂಡಿನಲ್ಲಿ ಆರಂಭವಾಗಿ ಮೂರು ವರ್ಷ ನಡೆದ ಪರಿಶೀಲನೆಯೂ ಕವುಚಿ ಮಲಗಿಸುವುದು, ಮನೆಯಲ್ಲಿನ ಧೂಮಪಾನ, ಎದೆಹಾಲಿನ ಕೊರತೆ ಇವುಗಳತ್ತ ಬೆರಳು ತೋರಿತು.

1991ರ ಜುಲೈಯಲ್ಲಿ ಇಂಗ್ಲೆಂಡಿನ ದೂರದರ್ಶನದ ನಿರೂಪಕಿ ಆ್ಯನ್ ಡೈಮಂಡ್ ತಮ್ಮ ನಾಲ್ಕು ತಿಂಗಳ ಮಗುವನ್ನು ಹೀಗೆಯೇ ಕಳೆದುಕೊಂಡರು. ಆಕೆ ಅಳುತ್ತ ಕುಳಿತುಕೊಳ್ಳಲಿಲ್ಲ. ನ್ಯೂಜಿಲೆಂಡಿನವರು ಏನು ಕಂಡುಕೊಂಡಿದ್ದಾರೆಂದು ತಿಳಿದುಬಂದು, ಅದನ್ನು ಪ್ರತಿಯೊಬ್ಬ ತಾಯಿಗೂ ತಿಳಿಸಲೇಬೇಕೆಂದು ಸರಕಾರದ ಬೆನ್ನು ಹತ್ತಿದರು. ಆ ಡಿಸೆಂಬರಿನಲ್ಲಿಯೇ ‘ಬೆನ್ನಿನ ಮೇಲೆ ಮಲಗಿಸಿ’ ಎಂಬ ಪ್ರಚಾರ ಮೊದಲಾಯಿತು. ಒಂದೆರಡು ವರ್ಷಗಳಲ್ಲಿಯೇ ಅಲ್ಲಿ ಇಂಥ ಸಾವುಗಳು ಅರ್ಧದಷ್ಟಾದವು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಅದೇ ಸಲಹೆಯನ್ನಿತ್ತಿತು. 1994ರಲ್ಲಿ ದೇಶದಾದ್ಯಂತ ಪ್ರಚಾರ ಹೊರಟಿತು. ಅಲ್ಲಿಯೂ ಫಲ ಅದೇ. ಹೊಸ ಔಷಧಿಯಿಲ್ಲ, ಶಸ್ತ್ರಕ್ರಿಯೆಯಿಲ್ಲ, ಕಾಸಿನ ಖರ್ಚಿಲ್ಲ. ಮಗುವನ್ನು ಹೊರಳಿಸಿ ಮಲಗಿಸಿದ್ದಷ್ಟೆ. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತಿರುವಿಹಾಕಿ, 1970ರ ವೇಳೆಗಾಗಲೇ ಸಾಕಷ್ಟು ಪುರಾವೆಯಿತ್ತು, ಆಗಲೇ ಎಚ್ಚೆತ್ತಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯ ಸೀಮೆಗಳಲ್ಲಿ ಕಡಿಮೆಯೆಂದರೂ 50,000 ಶಿಶುಗಳು ಉಳಿಯಬಹುದಿತ್ತು ಎಂದು ಲೆಕ್ಕ ಹಾಕಿದರು. ಓದಿದವರ ಎದೆ ಝಲ್ಲೆನ್ನುವ ಲೆಕ್ಕವಿದು.

ಕವುಚಿ ಮಲಗಿದ ಮಗು ಗಾಢವಾಗಿ ನಿದ್ರಿಸುತ್ತದೆಂಬುದು ಸುಳ್ಳಲ್ಲ. ಆದರೆ ಆ ಗಾಢತೆಯೇ ಮುಳ್ಳು. ಉಸಿರಿಗೆ ತಡೆಯುಂಟಾದಾಗ ಬೆಚ್ಚಿ ಎಚ್ಚರಗೊಂಡು ಮುಖ ತಿರುಗಿಸುವುದು ಶಿಶುವಿಗೆ ಪ್ರಕೃತಿಯಿತ್ತ ರಕ್ಷೆ. ಬೋರಲು ಮಲಗಿದಾಗ ಆ ಎಚ್ಚರ ಮಂದವಾಗುತ್ತದೆ. ಮೂಗು ಹಾಸಿಗೆಗೆ ಒತ್ತಿದಾಗ, ತಾನು ಹೊರಬಿಟ್ಟ ಕೆಟ್ಟ ಗಾಳಿಯನ್ನೇ ಮಗು ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಮೈಯ ಕಾವೂ ಹೊರಹೋಗದೆ ಏರುತ್ತದೆ. ಅಂಗಾತ ಮಲಗಿದಾಗ ಬೆಚ್ಚಿಬೀಳುವ ಕೂಸನ್ನು ಕಂಡು ಬೇಸರಪಡುವ ತಾಯಿ, ಆ ಬೆಚ್ಚುವಿಕೆಯೇ ಮಗುವಿನ ಕಾವಲುಗಾರನೆಂದು ತಿಳಿದರೆ ಬೇಸರ ಅರ್ಧ ಇಳಿದೀತು.

ಹಾಲು ಕಕ್ಕಿದರೆ ಗತಿಯೇನು? ಅಜ್ಜಿಯರೆಲ್ಲರೂ ಕೇಳುವ ಪ್ರಶ್ನೆ. ಸ್ಪಾಕ್ ಮಹಾಶಯರ ಭಯವೂ ಅದೇ. ಶರೀರರಚನೆ ಇದಕ್ಕೆ ಉತ್ತರ ಹೇಳುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಇಳಿಯಬೇಕಾದರೆ ಮೇಲಕ್ಕೆ ಹತ್ತಬೇಕು! ಕವುಚಿದಾಗ ಇದು ತಿರುಗುಮುರುಗು. ಅಂಗಾತ ಮಲಗಿಸತೊಡಗಿದ ಮೇಲೆ ಹಾಲು ಸಿಕ್ಕಿ ಮಕ್ಕಳು ಸಾಯುವುದು ಯಾವ ದೇಶದಲ್ಲಿಯೂ ಹೆಚ್ಚಲಿಲ್ಲ. ಗಂಟಲಿನ ಅಥವಾ ಉಸಿರಿನ ವಿಶೇಷ ತೊಂದರೆಯಿರುವ ಕೆಲವೇ ಶಿಶುಗಳ ಮಾತು ಬೇರೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಮಗ್ಗುಲಾಗಿ ಮಲಗಿಸುವುದು ಮಧ್ಯಮಮಾರ್ಗವೆಂದು ಕೆಲವರು ನಂಬುತ್ತಾರೆ. ಮಗ್ಗುಲಲ್ಲಿರುವ ಕೂಸು ಕವುಚಿಕೊಳ್ಳಲು ಒಂದು ಸಣ್ಣ ಹೊರಳು ಸಾಕು. ಆದಕಾರಣ ಅದೂ ಸಲ್ಲದು.

ಹಾಗಾದರೆ ಬೋರಲು ಮಲಗಿದರಷ್ಟೇ ಕಣ್ಣು ಮುಚ್ಚುವ ಕಂದನನ್ನು ಏನು ಮಾಡುವುದು? ಹಗಲಾಗಲಿ ಇರುಳಾಗಲಿ, ಪ್ರತಿಸಲವೂ ಅಂಗಾತವೇ ಮಲಗಿಸಬೇಕು. ಕೆಲವು ರಾತ್ರಿಗಳ ರಂಪಕ್ಕೆ ಸಿದ್ಧರಿರಬೇಕು. ತೋಳಿನಲ್ಲಿ ತೂಕಡಿಕೆ ಬಂದಾಗ ಕೆಳಗಿಳಿಸಿ, ಎದೆಯ ಮೇಲೆ ಅಂಗೈಯನ್ನು ಸ್ವಲ್ಪ ಹೊತ್ತು ಇಟ್ಟಿದ್ದರೆ ಅನೇಕ ಮಕ್ಕಳು ಸಮಾಧಾನಗೊಳ್ಳುತ್ತವೆ. ತೆಳುಬಟ್ಟೆಯಲ್ಲಿ ಹದವಾಗಿ ಸುತ್ತಿದರೆ ಬೆಚ್ಚುವುದು ಕಡಿಮೆಯಾಗುತ್ತದೆ. ಆದರೆ ಸುತ್ತಿದ ಮಗು ಅಂಗಾತವೇ ಇರಬೇಕು, ಹೊರಳುವ ಲಕ್ಷಣ ಕಂಡ ದಿನದಿಂದಲೇ ಸುತ್ತುವುದನ್ನು ಬಿಡಬೇಕು. ತಂದೆಯ ಎದೆಯ ಮೇಲೆ ನಿದ್ದೆ ಹೋದ ಕೂಸನ್ನು ತಂದೆಗೂ ಜೊಂಪು ಹತ್ತುವ ಮೊದಲೇ ಎತ್ತಿ ಹಾಸಿಗೆಗೆ ಸೇರಿಸತಕ್ಕದ್ದು. ಸೋಫಾದ ಮೇಲೆ ಮಗುವಿನೊಡನೆ ನಿದ್ರೆಗೆ ಜಾರುವುದು ಎಲ್ಲಕ್ಕಿಂತ ಅಪಾಯಕರ.

ಕವುಚುವ ಸುಖವನ್ನು ಮಗುವಿಗೆ ಪೂರ್ತಿ ತಪ್ಪಿಸಬೇಕಾಗಿಲ್ಲ. ಎಚ್ಚರವಾಗಿದ್ದಾಗ, ದೊಡ್ಡವರು ಎದುರಿಗೆ ಕುಳಿತು, ಚಾಪೆಯ ಮೇಲೆ ಮೂರೋ ಐದೋ ನಿಮಿಷ, ದಿನಕ್ಕೆ ಎರಡು ಮೂರು ಸಲ ಬೋರಲು ಬಿಡಬೇಕು. ಕತ್ತು ಬಲಿಯುತ್ತದೆ, ತಲೆ ಚಪ್ಪಟೆಯಾಗುವ ಚಿಂತೆಯೂ ತಗ್ಗುತ್ತದೆ. ನಮ್ಮ ಮನೆಗಳಲ್ಲಿ ತಲೆಯ ದುಂಡುತನಕ್ಕೆಂದು ಇಡುವ ಸಾಸಿವೆಯ ದಿಂಬನ್ನು ಮಲಗುವ ಜಾಗದಿಂದ ದೂರವಿಟ್ಟರೇ ಒಳ್ಳೆಯದು.

ಮುಂದೆ ಮಗು ತಾನಾಗಿಯೇ ಕವುಚಿಕೊಳ್ಳುವ ದಿನ ಬರುತ್ತದೆ. ಮನೆಯಲ್ಲಿ ಸಿಹಿ ಮಾಡಿ ಸಂಭ್ರಮಿಸುವ ದಿನವದು. ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ ಸಲೀಸಾಗಿ ಹೊರಳಬಲ್ಲ ಕೂಸನ್ನು ಅಂಗಾತ ಮಲಗಿಸಿ, ನಿದ್ದೆಯಲ್ಲಿ ತಾನೇ ಕವುಚಿಕೊಂಡರೆ ಹಾಗೆಯೇ ಬಿಡಬಹುದು. ರಾತ್ರಿಯಿಡೀ ಕಾದು ಕುಳಿತು ತಿರುಗಿಸಬೇಕಾಗಿಲ್ಲ. ಒಂದೇ ಕಡೆಗೆ ಹೊರಳಲು ಕಲಿತಿದ್ದರೆ ಮಾತ್ರ ಮೆಲ್ಲನೆ ತಿರುಗಿಸಬೇಕು. ಹೊರಳುವ ಮಗುವಿನ ಸುತ್ತ ದಿಂಬು, ರಜಾಯಿ, ಬೊಂಬೆ ಯಾವುದೂ ಇರಕೂಡದು.

ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಅಜ್ಜಿಯರು ಅಲ್ಲಿಯ ತೊಟ್ಟಿಲನ್ನು ಕಂಡು ನೊಂದುಕೊಳ್ಳುವುದುಂಟು. ಗಟ್ಟಿಯಾದ, ಸಮತಟ್ಟಾದ ಹಾಸು; ಬಿಗಿಯಾಗಿ ಎಳೆದ ಹೊದಿಕೆ; ದಿಂಬಿಲ್ಲ, ಮೆತ್ತೆಯಿಲ್ಲ, ಉಣ್ಣೆಯ ಟೋಪಿಯಿಲ್ಲ. ‘ಇದೇನಮ್ಮ, ಕೂಸಿಗೆ ಇಂಥ ಬಡತನ!’ ಎನಿಸುತ್ತದೆ. ಮಗುವಿಗೆ ಬೇಕಾದದ್ದು ಆ ಬಡತನವೇ. ಹಾಗೆಂದು ಹಳೆಯದೆಲ್ಲ ತಪ್ಪಲ್ಲ: ಕೂಸನ್ನು ತಾಯಿಯ ಕೋಣೆಯಲ್ಲೇ ಮಲಗಿಸುವ, ಎದೆಹಾಲನ್ನೇ ಉಣಿಸುವ ನಮ್ಮ ರೂಢಿಯನ್ನು ಇಂದಿನ ವೈದ್ಯರೂ ಮೆಚ್ಚುತ್ತಾರೆ; ಹಾಸಿಗೆ ಮಾತ್ರ ಪ್ರತ್ಯೇಕವಿರಲಿ ಎನ್ನುತ್ತಾರೆ. ಬಟ್ಟೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೊತ್ತುವುದರಿಂದ, ರಾತ್ರಿಯ ನಿದ್ದೆಗೆ ಸಮತಟ್ಟಾದ ಮರದ ತೊಟ್ಟಿಲೇ ಲೇಸು. ಸಿಗರೇಟು ಸೇದುವವರಿದ್ದರೆ ಅವರ ಹೊಗೆ ಮನೆಯೊಳಗೆ ಬರಲೇಬಾರದು.

ಇನ್ನೊಂದು ವಿಷಯ ಉಳಿಯಿತು. ನಿತ್ಯವೂ ಅಂಗಾತ ಮಲಗಿ ರೂಢಿಯಾದ ಶಿಶುವನ್ನು ಎಂದೋ ಒಂದು ದಿನ ಯಾರೋ ಕವುಚಿ ಮಲಗಿಸಿದರೆ, ಅಂದಿನ ಅಪಾಯ ಎಂದಿಗಿಂತಲೂ ಬಹುಪಾಲು ಹೆಚ್ಚು. ಆ ಭಂಗಿಯಲ್ಲಿ ತಲೆ ಎತ್ತಿ ಹೊರಳಿಸುವ ಅಭ್ಯಾಸ ಅದಕ್ಕಿರುವುದಿಲ್ಲ. ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಆಯಾ, ಪಕ್ಕದ ಮನೆಯಾಕೆ, ಮದುವೆ ಮನೆಯಲ್ಲಿ ‘ಕೊಡು, ನಾನು ಮಲಗಿಸುತ್ತೇನೆ’ ಎಂದು ಅಕ್ಕರೆಯಿಂದ ಎತ್ತಿಕೊಳ್ಳುವ ಸೋದರತ್ತೆ — ಇವರಿಗೆಲ್ಲ ಮಗುವಿನ ಹಾಲಿನ ಹೊತ್ತನ್ನು ತಿಳಿಸುವಾಗ, ಮಲಗಿಸುವ ಬಗೆಯನ್ನೂ ಕೂಡಿಯೇ ತಿಳಿಸಿ ಹೊರಡಬೇಕು.