ನಡೆದು ಹೋಗುವಷ್ಟು ದೂರದ ಹೈಸ್ಕೂಲು

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ದಡದ ಊರು. ಕೆಆರ್‌ಎಸ್, ಕಬಿನಿ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟಾಗ ಪತ್ರಿಕೆಗಳಲ್ಲಿ ಇದರ ಹೆಸರು ಬರುತ್ತದೆ. ದಾಸನಪುರ, ಹಳೇ ಹಂಪಾಪುರ, ಹರಳೆ, ಯಡಕುರಿಯದ ಜೊತೆ ಒಂದೇ ಸಾಲಿನಲ್ಲಿ. 2019ರಲ್ಲಿ ಹಾಗಾಯಿತು, 2024ರಲ್ಲೂ ಆಯಿತು. ಹೊಳೆ ಉಕ್ಕಿದಾಗ ತಾಲ್ಲೂಕು ಆಡಳಿತ ಮೊದಲು ಹುಡುಕುವುದು ಯಾವ ಶಾಲೆಯ ಕೊಠಡಿ ಖಾಲಿ ಮಾಡಿಸಿ ಕಾಳಜಿ ಕೇಂದ್ರ ತೆರೆಯಬಹುದು ಎಂದು. ಚುನಾವಣೆಗೆ ಮತಗಟ್ಟೆ, ನೆರೆಗೆ ಆಸರೆ, ಉಳಿದ ದಿನ ಪಾಠ. ಇಂಥ ಊರುಗಳ ಆಸುಪಾಸಿಗೆ ಹೈಸ್ಕೂಲು ಬಂದದ್ದು ಹೇಗೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಬರೆದಿಲ್ಲ.

ಕೊಳ್ಳೇಗಾಲದ ಶಾಲಾ ಚರಿತ್ರೆ ಮೈಸೂರಿನಿಂದ ಶುರುವಾಗುವುದಿಲ್ಲ. 1956ರ ನವೆಂಬರ್ 1ರವರೆಗೆ ಇದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರು, ರಾಮಾಪುರ, ಮಲೆ ಮಹದೇಶ್ವರ ಬೆಟ್ಟ ಎಲ್ಲವೂ ಆ ತಾಲ್ಲೂಕಿನೊಳಗೇ. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ, ಅದು ಮೈಸೂರು. ಒಂದೇ ಮಾತು, ಒಂದೇ ಮಾದಪ್ಪ, ಆಚೆ ಬದಿಯ ಊರಿನಲ್ಲೇ ನೆಂಟಸ್ತಿಕೆ. ಆದರೂ ಅಣ್ಣನ ಮಕ್ಕಳು ಒಂದು ಸರ್ಕಾರದ ಪುಸ್ತಕ ಓದಿದರೆ ತಂಗಿಯ ಮಕ್ಕಳು ಇನ್ನೊಂದರದ್ದು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ಕನ್ನಡವನ್ನೇ ಆಡುವ ತಾಳವಾಡಿ ಅಲ್ಲೇ ಉಳಿಯಿತು. ಅಲ್ಲಿನ ಕನ್ನಡ ಶಾಲೆಗಳ ಪಾಡು ಬೇರೆಯೇ ಒಂದು ಲೇಖನ.

ಮದರಾಸಿನ ಲೆಕ್ಕದಲ್ಲಿ ಹೈಸ್ಕೂಲೆಂದರೆ ಫೋರ್ತ್ ಫಾರಂನಿಂದ ಸಿಕ್ಸ್ತ್ ಫಾರಂ. 1911ರಲ್ಲಿ ಜಾರಿಗೆ ಬಂದ ಅಲ್ಲಿನ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟು ಈಗಿನಂತೆ ಒಂಟಿ ಹಾಳೆಯಲ್ಲ, ಪುಟ್ಟ ಪುಸ್ತಕ. ಅದರಲ್ಲಿ ಅಂಕಗಳ ಜೊತೆಗೆ ಹುಡುಗನ ಗುರುತಿನ ಚಿಹ್ನೆಗಳೂ ದಾಖಲಾಗುತ್ತಿದ್ದವು. ಎಡಗೆನ್ನೆಯ ಮೇಲೆ ಮಚ್ಚೆ, ಬಲ ಮೊಣಕಾಲಿನ ಮೇಲೆ ಗಾಯದ ಕಲೆ, ಹೀಗೆ. ಅಷ್ಟು ಜತನದಿಂದ ಗುರುತು ಹಿಡಿಯಬೇಕಾದವರು ಹಳ್ಳಿಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದರು. ಹೈಸ್ಕೂಲು ಓದಬೇಕೆಂದರೆ ಪೇಟೆಗೆ ಹೋಗಬೇಕು, ನೆಂಟರ ಮನೆಯ ಜಗಲಿಯಲ್ಲೋ ಜಾತಿಯ ಹಾಸ್ಟೆಲಿನಲ್ಲೋ ಮಲಗಬೇಕು. ಉಳ್ಳವರ ಗಂಡು ಮಕ್ಕಳಿಗೆ ಅದು ಸಾಧ್ಯವಿತ್ತು.

ಉಳಿದವರಿಗೆ ಹಟ್ಟಿಯ ಕೆಲಸ. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ರೇಷ್ಮೆಯ ತವರು. ಹುಳ ಸಾಕುವ ಮನೆಗೆ ಶಾಲೆಯ ಗಂಟೆ ಗೊತ್ತಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹೊತ್ತು, ಕಳೆದ ಮೇಲೆ ಹುಳ ಸೊಪ್ಪಿನ ಮೇಲೆ ಮುಗಿಬೀಳುತ್ತದೆ, ಹೊತ್ತು ಹೊತ್ತಿಗೆ ಹಾಕುತ್ತಲೇ ಇರಬೇಕು. ಆಮೇಲೆ ಹಣ್ಣಾಗುವ ದಿನ. ಮೈ ಹಳದಿಗೆ ತಿರುಗಿ, ತಲೆಯೆತ್ತಿ ನೂಲು ಕಟ್ಟಲು ಜಾಗ ಹುಡುಕುವ ಹುಳಗಳನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಅವತ್ತು ಮನೆಯ ಪ್ರತಿ ಕೈಯೂ ಬೇಕು, ಎಂಟನೇ ಕ್ಲಾಸಿನ ಹುಡುಗಿಯ ಕೈ ಎಲ್ಲಕ್ಕಿಂತ ಮೊದಲು ಬೇಕು. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆಯುವ ಮೇಷ್ಟ್ರಿಗೂ ಕಾರಣ ಗೊತ್ತಿರುತ್ತದೆ. ಚಿಕ್ಕಲ್ಲೂರು ಜಾತ್ರೆಗೆ, ಶಿವರಾತ್ರಿಗೆ ಬೆಟ್ಟಕ್ಕೆ ನಡೆದು ಹೋಗುವ ದಿನಗಳಿಗೆ ಇಂಥ ಸಬೂಬೂ ಬೇಡ.

ಮೈಸೂರಿಗೆ ಸೇರಿದ ಮೇಲೆ ಶಾಲೆಗಳ ಯಜಮಾನರು ಬದಲಾಗುತ್ತ ಹೋದರು. 1959ರ ಕಾಯ್ದೆಯಿಂದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಹುಟ್ಟಿ, ಹಳೇ ಮೈಸೂರಿನ ಹಲವು ಕಡೆ ‘ಟಿಡಿಬಿ ಹೈಸ್ಕೂಲು’ ಎಂಬ ಬೋರ್ಡು ಬಂತು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು, 1987ರಲ್ಲಿ ಜಿಲ್ಲಾ ಪರಿಷತ್ತು ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ತಾಲ್ಲೂಕೂ ಆಯಿತು. ಬೋರ್ಡಿಗೆ ಬಣ್ಣ ಬಳಿಯುವವನಿಗೆ ಕೆಲಸ ತಪ್ಪಲಿಲ್ಲ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ದೂರದ್ದು. ಏಳನೇ ಕ್ಲಾಸು ಊರಲ್ಲೇ ಮುಗಿಯುತ್ತಿತ್ತು, ಎಂಟಕ್ಕೆ ಇನ್ನೊಂದು ಊರು ಕಾಣಬೇಕಿತ್ತು. ಹೆಣ್ಣೈಕ ಶಾಲೆ ಬಿಟ್ಟದ್ದು ಆ ಏಳು ಎಂಟರ ನಡುವಿನ ದಾರಿಯಲ್ಲಿ. ಹೋಬಳಿಗೊಂದು ಇದ್ದ ಹೈಸ್ಕೂಲು ನಾಲ್ಕಾರು ಹಳ್ಳಿಗೊಂದಾದಾಗ ಆ ದಾರಿ ಗಿಡ್ಡವಾಯಿತು.

ಮಿಕ್ಕ ದಾರಿಗೆ ಸೈಕಲ್ ಬಂತು. 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಶುರುವಾದ ಯೋಜನೆ ಮರುವರ್ಷ ಹುಡುಗರಿಗೂ ಸಿಕ್ಕಿತು. ಚೈನು ಕಳಚುತ್ತದೆ, ಸೀಟು ಹರಿಯುತ್ತದೆ ಎಂದು ಗೊಣಗದ ಊರಿಲ್ಲ. ಆದರೂ ಸಂಜೆ ಐದರ ಹೊತ್ತಿಗೆ ಭತ್ತದ ಗದ್ದೆಗಳ ನಡುವೆ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಬರುವುದು ಈ ಸೀಮೆ ಅದುವರೆಗೆ ಕಾಣದ ನೋಟ. ಕೋವಿಡ್ ಬಂದಾಗ ಸೈಕಲ್ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿದೆ, ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ.

ಊಟದ ಕತೆಯಲ್ಲಿ ಕೊಳ್ಳೇಗಾಲಕ್ಕೆ ಒಂದು ವಿಚಿತ್ರ ನಷ್ಟವಾಯಿತು. ಕಾಮರಾಜರು ಮದರಾಸಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರುಮಾಡಿದ ಕಾಲಕ್ಕೇ ಈ ತಾಲ್ಲೂಕು ಮದರಾಸು ಬಿಟ್ಟು ಬಂತು. ಈ ಕಡೆ ಸಿಕ್ಕಿದ್ದು ಆಮೇಲಿನ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ. ಅಕ್ಷರ ದಾಸೋಹ ಹುಟ್ಟಿದ್ದು 2002ರಲ್ಲಿ, ಅದೂ ಉತ್ತರದ ಜಿಲ್ಲೆಗಳಲ್ಲಿ. ಹೈಸ್ಕೂಲಿನ ಮಕ್ಕಳ ತಟ್ಟೆಗೆ ಅದು ಬಂದದ್ದು 2007ರಲ್ಲಿ. ಗಡಿ ದಾಟಿದ ತಾಲ್ಲೂಕಿನ ಹೈಸ್ಕೂಲು ಐವತ್ತು ವರ್ಷ ಕಾಯಿತು. ಕನ್ನಡ ನಾಡಿಗೆ ಸೇರಿದ ಸಂಭ್ರಮದ ಭಾಷಣಗಳಲ್ಲಿ ಈ ಬಾಬ್ತು ಬರುವುದಿಲ್ಲ.

ಈಗ ಹಾಲಿದೆ, ಮೊಟ್ಟೆಯಿದೆ. ಫಲಿತಾಂಶದ ಮಾತು ಬೇರೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಹಳ್ಳಿಯ ಮೇಷ್ಟ್ರುಗಳ ಮೇಲೆ ಬೈಗುಳದ ಸುರಿಮಳೆಯಾಯಿತು. ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲದೆ ಜೂನ್ ಕಳೆದು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಮಳೆಗಾಲ ಅರ್ಧ ಮುಗಿದಿರುವ ಶಾಲೆಗಳಿವೆ. ಅವನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ. ಅಂಥ ಕಡೆಯೂ ಜನವರಿಯಿಂದ ಸಂಜೆ ಓದು ನಡೆಸುವ, ಕಾಣದ ಹುಡುಗನನ್ನು ಹಟ್ಟಿಗೇ ಹೋಗಿ ಎಬ್ಬಿಸಿಕೊಂಡು ಬರುವ ಮೇಷ್ಟ್ರು ಈ ಸೀಮೆಯಲ್ಲಿ ಅಪರೂಪವೇನಲ್ಲ.

ಸರ್ಕಾರದ ಈಗಿನ ಒಲವು ಕರ್ನಾಟಕ ಪಬ್ಲಿಕ್ ಶಾಲೆಗಳ ಕಡೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಇಂಗ್ಲಿಷ್ ಮಾಧ್ಯಮ, ಲ್ಯಾಬು, ಆಟದ ಮೈದಾನ. ಕಾನ್ವೆಂಟಿನ ವ್ಯಾನಿಗೆ ಮಕ್ಕಳನ್ನು ಹತ್ತಿಸುತ್ತಿರುವ ತಂದೆತಾಯಿಗೆ ಬೇಕಿರುವುದೂ ಇದೇ, ಅದನ್ನು ಅಲ್ಲಗಳೆಯಲು ಬರುವುದಿಲ್ಲ. ಆದರೆ ಒಂದು ದೊಡ್ಡ ಶಾಲೆ ಬೆಳೆಯುವುದು ಸುತ್ತಲಿನ ಸಣ್ಣ ಶಾಲೆಗಳನ್ನು ಒಳಗೆಳೆದುಕೊಂಡು ಎಂಬ ಅಂಜಿಕೆ ಹಳ್ಳಿಗಳಲ್ಲಿ ಹುಟ್ಟಿದೆ. ಮಹದೇಶ್ವರ ಬೆಟ್ಟದ ಕಾಡಿನ ಪೋಡು, ಹಳ್ಳಿಗಳ ಮಕ್ಕಳು ಮೈಲಿಗಟ್ಟಲೆ ನಡೆದು ಶಾಲೆಗೆ ಬರುತ್ತಿದ್ದುದನ್ನು ನೋಡಿ ಕೊನೆಗೆ ಅರಣ್ಯ ಇಲಾಖೆಯೇ ‘ಜನ-ವನ ಸೇತುವೆ’ ಎಂದು ಜೀಪು ಓಡಿಸಬೇಕಾಯಿತು. ದೂರ ಏನು ಮಾಡುತ್ತದೆಂದು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತರ ಹುಡುಗಿಗೆ ಶಾಲೆ ಇಷ್ಟು ದೂರದೊಳಗೆ ಇರಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಹಾಗಾಗಿ ವಿಲೀನದ ಕಾಗದ ಬಂದ ದಿನ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಹೊಸ ಕಟ್ಟಡಕ್ಕೆ ಎಷ್ಟು ಕೊಠಡಿ ಎಂದಲ್ಲ. ಸಂಜೆ ಸ್ಪೆಷಲ್ ಕ್ಲಾಸು ಬಿಟ್ಟ ಮೇಲೆ ಊರ ಕಡೆಗೆ ಬಸ್ಸು ಎಷ್ಟು ಗಂಟೆಗೆ, ಮಳೆಗಾಲದಲ್ಲಿ ಹೊಳೆ ಏರಿದಾಗ ಅದು ಯಾವ ದಾರಿಯಲ್ಲಿ ಬರುತ್ತದೆ ಎಂದು.